ಎಬ್ಬಿಸಿ ನೋಡದ ಬ್ಯಾಕಪ್ಪು ಬ್ಯಾಕಪ್ಪಲ್ಲ

ಹೊಸಪೇಟೆಯ ಲಾಡ್ಜುಗಳಲ್ಲಿ, ಸಂಡೂರಿನ ಅದಿರು ಲಾರಿಗಳ ಕಚೇರಿಗಳಲ್ಲಿ, ಕಂಪ್ಲಿಯ ಅಕ್ಕಿ ಗಿರಣಿಗಳಲ್ಲಿ, ಮೆಟ್ರಿಯಂಥ ಊರಿನ ಕಟ್ಟೆಯ ಮೇಲೂ ಈಗ ಒಂದು ಮಾತು ಸಲೀಸಾಗಿ ಓಡಾಡುತ್ತಿದೆ: “ಎಲ್ಲಾ ಕ್ಲೌಡ್‌ನ್ಯಾಗ ಐತಿ, ಏನೂ ಆಗಂಗಿಲ್ಲ.” ಲೆಕ್ಕ ಎಲ್ಲಿದೆ? ಕ್ಲೌಡ್‌ನಲ್ಲಿ. ಸರ್ವರ್ ಕೆಟ್ಟರೆ? ಕಂಪನಿಯವರು ನೋಡಿಕೊಳ್ಳುತ್ತಾರೆ. ಬ್ಯಾಕಪ್? ಅದೂ ಅಲ್ಲೇ ಇದೆ. ಈ ಮೂರು ಉತ್ತರ ಕೊಡುವವರ ದನಿಯಲ್ಲಿ ಸಂಶಯದ ಎಳೆಯೂ ಇರುವುದಿಲ್ಲ. ಈ ನಂಬಿಕೆ ತಪ್ಪು ಎಂದು ಹೇಳುವುದಕ್ಕೇ ಈ ಬರಹ. ಅಲ್ಲಲ್ಲಿ ತಿದ್ದಿಕೊಂಡರೆ ಸರಿಹೋಗುವಂಥದ್ದಲ್ಲ ಇದು, ಬುಡದಲ್ಲೇ ತಪ್ಪು. ಇದರ ದಂಡ ತೆರುವವರು ನಂಬಿಕೆ ಹುಟ್ಟಿಸಿದವರಲ್ಲ, ನಂಬಿ ಕೂತ ನಾವು.

ಮೊದಲು ಪೂರ್ವಪಕ್ಷವನ್ನು ನ್ಯಾಯವಾಗಿ ಮಂಡಿಸೋಣ. ಕೆಲವು ವರ್ಷಗಳ ಹಿಂದಿನವರೆಗೂ ನಮ್ಮ ಕಡೆಯ ಅಂಗಡಿ, ಗಿರಣಿಗಳ ಲೆಕ್ಕವೆಲ್ಲ ಗಲ್ಲಾಪೆಟ್ಟಿಗೆಯ ಪಕ್ಕದ ಒಂದೇ ಕಂಪ್ಯೂಟರಿನಲ್ಲಿರುತ್ತಿತ್ತು. ಬಳ್ಳಾರಿ ಸೀಮೆಯ ಬಿಸಿಲು, ಗಿರಣಿಯ ತೌಡಿನ ಧೂಳು, ಸಂಡೂರಿನ ಕೆಂಪು ಪುಡಿ, ಹೊತ್ತು ಗೊತ್ತಿಲ್ಲದೆ ಹೋಗಿಬರುವ ಕರೆಂಟು, ಇವೆಲ್ಲವನ್ನೂ ಆ ಬಡಪಾಯಿ ಯಂತ್ರ ತಾಳಬೇಕಿತ್ತು. ಹಾರ್ಡ್ ಡಿಸ್ಕ್ ಕೈಕೊಟ್ಟರೆ ವರ್ಷದ ಲೆಕ್ಕವೇ ಹೋಯಿತು. ಕ್ಲೌಡ್ ಬಂದ ಮೇಲೆ ಆ ಗೋಳು ತಪ್ಪಿತು. ತಂಪು ಕೋಣೆ, ಎರಡೆರಡು ಕಡೆಯಿಂದ ವಿದ್ಯುತ್ತು, ಹಗಲಿರುಳು ಕಾವಲು. ಇಷ್ಟು ದೊಡ್ಡ ವ್ಯವಸ್ಥೆ ಮಾಡಿಕೊಂಡವರು ನಮ್ಮ ಹತ್ತಿಪ್ಪತ್ತು ಜಿಬಿ ಲೆಕ್ಕವನ್ನು ಕಳೆದಾರೆಯೇ ಎಂದು ಜನ ಕೇಳುವುದು ಸಹಜ. ಅಂಗಡಿಯ ಮೂಲೆಯ ಡಬ್ಬಕ್ಕಿಂತ ಕ್ಲೌಡ್ ಮೇಲು ಎಂಬುದನ್ನು ನಾನೂ ಒಪ್ಪುತ್ತೇನೆ. ಒಪ್ಪದಿರುವುದು ಅದರ ಮುಂದಿನ ಜಿಗಿತವನ್ನು: ಮೇಲು, ಆದ್ದರಿಂದ ನಾವು ಮಾಡುವುದೇನೂ ಉಳಿದಿಲ್ಲ ಎಂಬುದನ್ನು.

ಒಳಗಿನ ಕೆಲಸ ಹೇಗೆ ನಡೆಯುತ್ತದೆ ಎಂದು ತಿಳಿದರೆ ಈ ಜಿಗಿತದ ಪೊಳ್ಳುತನ ಕಾಣುತ್ತದೆ. ನಾವು ಬಾಡಿಗೆಗೆ ಪಡೆಯುವ “ಸರ್ವರ್” ಒಂದು ವರ್ಚುವಲ್ ಮಷಿನ್. ಮುಂಬೈಯಲ್ಲೋ ಹೈದರಾಬಾದಿನಲ್ಲೋ ಇರುವ ಒಂದು ದೊಡ್ಡ ಯಂತ್ರದ ಮೇಲೆ ಹೈಪರ್‌ವೈಸರ್ ಎಂಬ ತಂತ್ರಾಂಶ ಕೂತು, ಆ ಒಂದನ್ನೇ ಹತ್ತಾರು ಯಂತ್ರಗಳಂತೆ ಹಂಚಿಕೊಡುತ್ತದೆ. ನಮ್ಮದು ಎಂದುಕೊಂಡಿರುವ ಯಂತ್ರದ ಪ್ರಾಣ ಇರುವುದು ಅದರ ಡಿಸ್ಕಿನಲ್ಲಿ. ಆ ಡಿಸ್ಕ್ ಅದೇ ದೊಡ್ಡ ಯಂತ್ರದೊಳಗೇ ಇರಬಹುದು, ಇಲ್ಲವೇ ನೆಟ್‌ವರ್ಕ್ ಮೂಲಕ ಬೇರೆ ಸ್ಟೋರೇಜ್ ವ್ಯವಸ್ಥೆಯಲ್ಲಿರಬಹುದು. ಬೇರೆ ಕಡೆ ಇದ್ದಾಗ ದೊಡ್ಡ ಯಂತ್ರ ಕೆಟ್ಟರೂ ಚಿಂತೆಯಿಲ್ಲ, ಪಕ್ಕದ ಯಂತ್ರದ ಮೇಲೆ ಅದೇ ಡಿಸ್ಕನ್ನು ಜೋಡಿಸಿ ಕೆಲವೇ ನಿಮಿಷಗಳಲ್ಲಿ ಮತ್ತೆ ಎಬ್ಬಿಸಬಹುದು. ಜನ ಕಣ್ಣಾರೆ ಕಂಡಿರುವುದು ಇದನ್ನೇ. “ಒಮ್ಮೆ ಬಿತ್ತು, ತಾನಾಗಿ ಎದ್ದಿತು” ಎಂಬ ಅನುಭವದಿಂದ ಹುಟ್ಟಿದ್ದು ಈ ಭರವಸೆ.

ಆದರೆ ಕೆಡುವುದಕ್ಕೆ ಒಂದೇ ದಾರಿಯಿಲ್ಲ. ಡಿಸ್ಕ್ ಅದೇ ಯಂತ್ರದೊಳಗಿದ್ದರೆ ಯಂತ್ರದ ಜೊತೆಗೇ ಹೋಗುತ್ತದೆ. ಸ್ಟೋರೇಜ್ ವ್ಯವಸ್ಥೆಯೇ ಕೆಟ್ಟರೆ ಅದನ್ನು ಆಶ್ರಯಿಸಿದ ಯಂತ್ರಗಳೆಲ್ಲ ಒಟ್ಟಿಗೆ ಮಲಗುತ್ತವೆ. ಒಬ್ಬ ನೌಕರ ತಪ್ಪು ಗುಂಡಿ ಒತ್ತಿದರೆ ಯಂತ್ರ ಸರಿಯಾಗಿಯೇ ಇರುತ್ತದೆ, ಒಳಗಿನ ಲೆಕ್ಕ ಇರುವುದಿಲ್ಲ. ಬೀಗ ಹಾಕಿ ದುಡ್ಡು ಕೇಳುವ ರಾನ್ಸಮ್‌ವೇರ್ ಹೊಕ್ಕರೆ ಕಡತಗಳಿರುತ್ತವೆ, ತೆರೆಯುವುದಿಲ್ಲ. ಬಾಡಿಗೆ ಬಾಕಿಯಿಂದಲೋ ಕಂಪನಿಯ ಎಡವಟ್ಟಿನಿಂದಲೋ ಖಾತೆಯೇ ಮುಚ್ಚಿಹೋದರೆ ಯಂತ್ರ, ಡಿಸ್ಕ್, ಬ್ಯಾಕಪ್ ಮೂರೂ ಒಂದೇ ಹೊತ್ತಿಗೆ ಮಾಯ. “ತಾನಾಗಿ ಏಳುವುದು” ಡಿಸ್ಕ್ ಬೇರೆ ಕಡೆ ಇದ್ದು ಯಂತ್ರವಷ್ಟೇ ಕೆಟ್ಟಾಗ ಮಾತ್ರ ಅನ್ವಯಿಸುತ್ತದೆ. ಮಿಕ್ಕಿದ್ದಕ್ಕೆಲ್ಲ ಎಬ್ಬಿಸುವವರು ಬೇಕು, ಎಬ್ಬಿಸುವುದಕ್ಕೆ ಬೇರೆಡೆ ಪ್ರತಿ ಬೇಕು.

ದೊಡ್ಡ ಕಂಪನಿ ಕಳೆಯುವುದಿಲ್ಲ ಎಂಬ ಮೊದಲ ವಾದವನ್ನು ಆ ಕಂಪನಿಗಳ ಕಾಗದಪತ್ರಗಳೇ ಒಪ್ಪುವುದಿಲ್ಲ. ಅಮೆಜಾನ್ ತನ್ನ ಸಾಮಾನ್ಯ ಡಿಸ್ಕುಗಳ ಬಗ್ಗೆ ಬರೆದುಕೊಂಡಿರುವುದನ್ನು ಓದಿದರೆ, ವರ್ಷಕ್ಕೆ ಶೇ. 0.1ರಿಂದ 0.2ರಷ್ಟು ಡಿಸ್ಕುಗಳು ಕೆಡಬಹುದು ಎಂಬ ಲೆಕ್ಕ ಅಲ್ಲೇ ಇದೆ. ಅಂದರೆ ಸಾವಿರ ಡಿಸ್ಕಿದ್ದಲ್ಲಿ ವರ್ಷಕ್ಕೆ ಒಂದೋ ಎರಡೋ. ಇದು ಅವರ ತಪ್ಪಲ್ಲ, ಅವರ ಪ್ರಾಮಾಣಿಕತೆ. ತಪ್ಪು ಆ ಸಾಲನ್ನು ಓದದೆ “ಏನೂ ಆಗಂಗಿಲ್ಲ” ಎಂದು ಮಾರುವ ನಡುವಿನವರದು, ಓದದೆ ಕೊಳ್ಳುವ ನಮ್ಮದು.

2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಸುಟ್ಟು ಬೂದಿಯಾಯಿತು. ಯುರೋಪಿನ ಬಹುದೊಡ್ಡ ಕ್ಲೌಡ್ ಕಂಪನಿ ಅದು. ಸುಮಾರು 36 ಲಕ್ಷ ಜಾಲತಾಣಗಳು ಆ ದಿನ ಕಾಣೆಯಾದವು. ಬೆಂಕಿ ಎಲ್ಲಾದರೂ ಬೀಳಬಹುದು, ಅದು ದೊಡ್ಡ ಮಾತಲ್ಲ. ಆದರೆ ಬ್ಯಾಕಪ್ಪಿಗೆಂದೇ ಬೇರೆ ದುಡ್ಡು ಕೊಟ್ಟಿದ್ದ ಕೆಲವು ಗ್ರಾಹಕರಿಗೂ ಪ್ರತಿ ಸಿಗಲಿಲ್ಲ, ಏಕೆಂದರೆ ಮೂಲ ಇದ್ದ ಕಟ್ಟಡದಲ್ಲೇ ಅದೂ ಇತ್ತು. ಅಂಥ ಒಬ್ಬ ಗ್ರಾಹಕ ಕೋರ್ಟಿಗೆ ಹೋದ, 2023ರಲ್ಲಿ ಫ್ರಾನ್ಸಿನ ಒಂದು ವಾಣಿಜ್ಯ ನ್ಯಾಯಾಲಯ ಪರಿಹಾರ ಕೊಡಿಸಿತು. ದುಡ್ಡು ಬಂತು, ಲೆಕ್ಕ ಬರಲಿಲ್ಲ. “ಬ್ಯಾಕಪ್ ಅಲ್ಲೇ ಇದೆ” ಎನ್ನುವವರು ಆ “ಅಲ್ಲೇ” ಎಂದರೆ ಎಲ್ಲಿ ಎಂದು ಒಮ್ಮೆಯಾದರೂ ಕೇಳಿದ್ದಾರೆಯೇ?

ಎರಡನೆಯ ವಾದ ಇನ್ನೂ ಚತುರವಾದದ್ದು: ಒಂದೇ ಕಡೆ ಯಾಕೆ, ಎರಡು ಊರಲ್ಲಿ ನಕಲು ಓಡುತ್ತಿದೆ, ಒಂದು ಬಿದ್ದರೆ ಇನ್ನೊಂದು ಹಿಡಿಯುತ್ತದೆ. ಇದನ್ನು ಬ್ಯಾಕಪ್ ಎಂದು ಕರೆಯುವುದೇ ದೊಡ್ಡ ಮೋಸ. ಓಡುವ ನಕಲು ಮೂಲವನ್ನು ಹೆಜ್ಜೆ ಹೆಜ್ಜೆಗೂ ಹಿಂಬಾಲಿಸುತ್ತದೆ. ಮೂಲದಲ್ಲಿ ಅಳಿಸಿದ್ದನ್ನು ನಕಲೂ ಮರುಗಳಿಗೆಯಲ್ಲೇ ಅಳಿಸುತ್ತದೆ, ಮೂಲಕ್ಕೆ ಹತ್ತಿದ ರಾನ್ಸಮ್‌ವೇರ್ ನಕಲಿಗೂ ಹತ್ತುತ್ತದೆ. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಯೂನಿಸೂಪರ್ ಎಂಬ ಪಿಂಚಣಿ ಸಂಸ್ಥೆಗೆ ಆದದ್ದು ಇದೇ. ಆರು ಲಕ್ಷಕ್ಕೂ ಹೆಚ್ಚು ಸದಸ್ಯರ ದುಡ್ಡು ನೋಡಿಕೊಳ್ಳುವ ಆ ಸಂಸ್ಥೆ ಗೂಗಲ್ ಕ್ಲೌಡ್‌ನಲ್ಲಿ ಎರಡು ಪ್ರದೇಶಗಳಲ್ಲಿ ತನ್ನ ವ್ಯವಸ್ಥೆಯನ್ನು ಇಟ್ಟಿತ್ತು. ಗೂಗಲ್ ಕಡೆಯ ಒಂದು ತಪ್ಪು ಹೊಂದಿಕೆಯಿಂದ ಖಾಸಗಿ ಕ್ಲೌಡ್ ಚಂದಾವೇ ಅಳಿಸಿಹೋಗಿ ಎರಡೂ ಕಡೆಯ ನಕಲು ಒಟ್ಟಿಗೆ ಹೋದವು. ವಾರಕ್ಕೂ ಹೆಚ್ಚು ಕಾಲ ಸದಸ್ಯರಿಗೆ ಖಾತೆ ಕಾಣಲಿಲ್ಲ. ಸಂಸ್ಥೆ ಉಳಿದುಕೊಂಡದ್ದು ಹೇಗೆ? ಗೂಗಲ್ಲಿಗೆ ಸೇರದ ಇನ್ನೊಂದು ಕಂಪನಿಯ ಬಳಿ ಬ್ಯಾಕಪ್ ಇಟ್ಟಿತ್ತು. ಆ ಪ್ರತಿ ಇದ್ದದ್ದರಿಂದಲೇ ನಷ್ಟ ತಗ್ಗಿತು ಎಂದು ಎರಡೂ ಕಡೆಯವರು ಜಂಟಿ ಹೇಳಿಕೆಯಲ್ಲೇ ಒಪ್ಪಿಕೊಂಡರು. ಜಗತ್ತಿನ ಅತಿ ದೊಡ್ಡ ಕಂಪನಿಗಳಲ್ಲೊಂದನ್ನು ನಂಬಿದವರೂ ಅದನ್ನಷ್ಟೇ ನಂಬಿ ಕೂರಲಿಲ್ಲ. ನಾವು ಯಾವ ಧೈರ್ಯದ ಮೇಲೆ ಕೂತಿದ್ದೇವೆ?

ಪ್ರತಿ ಹೊರಗಿಟ್ಟದ್ದರ ಬೆಲೆಯನ್ನು ನಮ್ಮ ನೆಲವೇ ಬಲ್ಲದು. 1565ರಲ್ಲಿ ವಿಜಯನಗರ ಬಿದ್ದಾಗ ಅರಮನೆಯ ದಿನನಿತ್ಯದ ಕಡತಗಳು ನಮಗೆ ಉಳಿಯಲಿಲ್ಲ. ಹಂಪಿಯ ಪೇಟೆಯಲ್ಲಿ ಏನು ಮಾರುತ್ತಿದ್ದರು, ಮಹಾನವಮಿ ಹೇಗೆ ನಡೆಯುತ್ತಿತ್ತು ಎಂಬ ವಿವರಗಳಲ್ಲಿ ಬಹುಪಾಲು ನಮಗೆ ಸಿಕ್ಕಿದ್ದು ಅಲ್ಲಿಗೆ ಬಂದುಹೋದ ಪೋರ್ಚುಗೀಸರಾದ ಪಾಯೆಸ್ ಮತ್ತು ನೂನಿಜ್ ಬರೆದಿಟ್ಟ ಬರಹಗಳಿಂದ. ಆ ಬರಹದ ಪ್ರತಿ ಪ್ಯಾರಿಸ್ಸಿನ ಗ್ರಂಥಾಲಯದಲ್ಲಿತ್ತು. ಡೇವಿಡ್ ಲೋಪೆಸ್ ಅದನ್ನು 1897ರಲ್ಲಿ ಅಚ್ಚು ಹಾಕಿಸಿದರು, ರಾಬರ್ಟ್ ಸಿವೆಲ್ 1900ರಲ್ಲಿ ಇಂಗ್ಲಿಷಿಗೆ ತಂದರು. ಊರು ಸುಟ್ಟಾಗ ಊರಿನೊಳಗಿದ್ದ ಪ್ರತಿ ಊರಿನ ಜೊತೆ ಹೋಗುತ್ತದೆ, ಊರಾಚೆ ಇದ್ದದ್ದು ಉಳಿಯುತ್ತದೆ. ಹಂಪಿಯ ಪಕ್ಕದಲ್ಲಿ ಬದುಕುವ ನಮಗೆ ಇದನ್ನು ಕ್ಯಾಲಿಫೋರ್ನಿಯಾದವರು ಬಂದು ಹೇಳಿಕೊಡಬೇಕಾಗಿಲ್ಲ.

ಇರಲಿ, ಬೇರೆಡೆ ಪ್ರತಿ ಇಟ್ಟೆವು ಎಂದುಕೊಳ್ಳೋಣ. ಅಷ್ಟಕ್ಕೆ ಕೆಲಸ ಮುಗಿಯಿತೇ? ಇಲ್ಲಿಯೇ ನಾನು ಅತ್ಯಂತ ಗಟ್ಟಿಯಾಗಿ ಜಗಳ ಕಾಯುವುದು. ಮರಳಿ ಎಬ್ಬಿಸಿ ನೋಡದ ಪ್ರತಿ, ಪ್ರತಿಯೇ ಅಲ್ಲ. ತಂತ್ರಾಂಶ ಬರೆಯುವವರೇ ತಮ್ಮ ಕೆಲಸ ಕಾಪಿಡಲು ಬಳಸುವ ಗಿಟ್‌ಲ್ಯಾಬ್ ಎಂಬ ಕಂಪನಿಯಲ್ಲಿ 2017ರ ಜನವರಿ 31ರ ರಾತ್ರಿ ಒಬ್ಬ ಎಂಜಿನಿಯರ್ ದಣಿವಿನಲ್ಲಿ ಬೇರೆ ಸರ್ವರ್ ಎಂದುಕೊಂಡು ಮುಖ್ಯ ಡೇಟಾಬೇಸನ್ನೇ ಅಳಿಸಲು ಶುರುಮಾಡಿದ. ತಪ್ಪು ಹೊಳೆಯುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಅವರ ಬಳಿ ಬ್ಯಾಕಪ್ಪಿಗೆ, ನಕಲಿಗೆ ಐದು ವಿಧಾನಗಳಿದ್ದವು. ನೋಡಿದರೆ ಒಂದೂ ನೆಟ್ಟಗೆ ಕೆಲಸ ಮಾಡುತ್ತಿರಲಿಲ್ಲ. ದಿನವೂ ಆಗಬೇಕಿದ್ದ ಡೇಟಾಬೇಸ್ ಬ್ಯಾಕಪ್, ತಂತ್ರಾಂಶದ ಆವೃತ್ತಿ ಹೊಂದದೆ ಸೋಲುತ್ತಲೇ ಇತ್ತು. ಸೋತಿದೆ ಎಂದು ತಿಳಿಸಬೇಕಿದ್ದ ಇಮೇಲ್‌ಗಳೂ ತಿರಸ್ಕೃತವಾಗಿ ಯಾರಿಗೂ ತಲುಪುತ್ತಿರಲಿಲ್ಲ. ಪರೀಕ್ಷೆಗೆಂದು ಒಬ್ಬರು ಆರು ಗಂಟೆ ಮುಂಚೆ ಕೈಯಾರೆ ತೆಗೆದಿಟ್ಟಿದ್ದ ಒಂದು ಪ್ರತಿ ಅವರನ್ನು ಕಾಪಾಡಿತು. ಆ ಆರು ಗಂಟೆಯ ಲೆಕ್ಕ ಮಾತ್ರ ಶಾಶ್ವತವಾಗಿ ಹೋಯಿತು. ಅವರೂ “ಬ್ಯಾಕಪ್ ಇದೆ” ಎಂದೇ ನಂಬಿದ್ದರು ಎಂಬುದನ್ನು ನಮ್ಮವರು ಮರೆಯಬಾರದು.

ಎಬ್ಬಿಸುವ ಕೆಲಸ ಹತ್ತಿರದಿಂದ ಹೇಗಿರುತ್ತದೆ ಎಂದು ನೋಡೋಣ. ಕಂಪ್ಲಿಯ ಒಂದು ಅಕ್ಕಿ ಗಿರಣಿ ಎಂದಿಟ್ಟುಕೊಳ್ಳಿ. ಕ್ಲೌಡ್‌ನಲ್ಲಿ ಒಂದು ವರ್ಚುವಲ್ ಮಷಿನ್, ಅದರಲ್ಲಿ ಲೆಕ್ಕದ ತಂತ್ರಾಂಶ, ಗೇಟಿನ ಬಳಿಯ ವೇಬ್ರಿಡ್ಜ್‌ನಿಂದ ಬರುವ ತೂಕದ ದಾಖಲೆ. ಸುಗ್ಗಿಯ ನಡುವೆ ಒಂದು ಮಧ್ಯಾಹ್ನ ಡಿಸ್ಕ್ ಹೋಯಿತು. ಹಿಂದಿನ ರಾತ್ರಿಯ ಸ್ನ್ಯಾಪ್‌ಶಾಟ್, ಅಂದರೆ ಡಿಸ್ಕಿನ ಆ ಕ್ಷಣದ ಪ್ರತಿ, ಇದೆ, ಎಲ್ಲರೂ ನಿರಾಳ. ಎಬ್ಬಿಸಲು ಕ್ಲೌಡ್ ಖಾತೆಯೊಳಗೆ ಹೋಗಬೇಕು. ಪಾಸ್‌ವರ್ಡ್ ಇದೆ, ಒಟಿಪಿ ಹೋಗುತ್ತಿರುವುದು ಎರಡು ವರ್ಷದ ಹಿಂದೆ ಕೆಲಸ ಬಿಟ್ಟ ಹುಡುಗನ ಫೋನಿಗೆ. ಅವನನ್ನು ಹುಡುಕಿ ಒಟಿಪಿ ತರಿಸಿದ ಮೇಲೆ ಸ್ನ್ಯಾಪ್‌ಶಾಟ್‌ನಿಂದ ಹೊಸ ಡಿಸ್ಕ್, ಹೊಸ ಡಿಸ್ಕಿಗೆ ಹೊಸ ಯಂತ್ರ. ಯಂತ್ರ ಎದ್ದಿತು, ಆದರೆ ಅದರ ಐಪಿ ವಿಳಾಸ ಬದಲಾಗಿದೆ, ವೇಬ್ರಿಡ್ಜ್ ಇನ್ನೂ ಹಳೆಯ ವಿಳಾಸಕ್ಕೇ ತೂಕ ಕಳಿಸುತ್ತಿದೆ. ಲೆಕ್ಕದ ತಂತ್ರಾಂಶದ ಪರವಾನಗಿ ಹಳೆಯ ಯಂತ್ರಕ್ಕೆ ಕಟ್ಟಿದ್ದರಿಂದ ಹೊಸದರಲ್ಲಿ ತೆರೆಯುತ್ತಿಲ್ಲ. ಹೇಗೋ ತೆರೆದರೆ ಡೇಟಾಬೇಸ್ ತಕರಾರು ಮಾಡುತ್ತದೆ: ಸ್ನ್ಯಾಪ್‌ಶಾಟ್ ತೆಗೆದ ಕ್ಷಣದಲ್ಲಿ ಅದು ಒಂದು ನಮೂದನ್ನು ಬರೆಯುತ್ತಿತ್ತು, ಅರ್ಧ ಬರೆದ ಆ ನಮೂದನ್ನು ಮೊದಲು ಸರಿಮಾಡಬೇಕು. ಅಷ್ಟೂ ಆದ ಮೇಲೆ ಉಳಿಯುವ ಪ್ರಶ್ನೆ: ಈ ಬೆಳಿಗ್ಗೆಯಿಂದ ಇಳಿದ ಭತ್ತದ ಲೋಡುಗಳ ಲೆಕ್ಕ ಎಲ್ಲಿ? ಕಾಗದದ ತೂಕದ ಚೀಟಿ ಇಟ್ಟುಕೊಂಡಿದ್ದರೆ ಮತ್ತೆ ನಮೂದಿಸಬಹುದು, ಇಲ್ಲದಿದ್ದರೆ ರೈತನ ಮಾತು ಒಂದು, ಗಿರಣಿಯ ಮಾತು ಇನ್ನೊಂದು.

ಇದರಲ್ಲಿ ಒಂದು ತೊಡಕೂ ಕ್ಲೌಡ್ ಕಂಪನಿಯದಲ್ಲ ಎಂಬುದನ್ನು ಗಮನಿಸಿ. ಅವರು ಸ್ನ್ಯಾಪ್‌ಶಾಟ್ ಇಟ್ಟುಕೊಟ್ಟಿದ್ದರು, ಅದು ಸರಿಯಾಗಿಯೇ ಇತ್ತು. ಒಟಿಪಿ ಯಾರ ಫೋನಿಗೆ ಹೋಗುತ್ತದೆ, ಯಾವ ಯಂತ್ರ ಮೊದಲು ಏಳಬೇಕು, ಪರವಾನಗಿ ಎಲ್ಲಿ, ವಿಳಾಸ ಯಾವುದು, ಇದೆಲ್ಲ ನಮ್ಮ ಮನೆಯ ಸಂಗತಿ. ಕಂಪನಿಗಳು ಇದನ್ನು ಮುಚ್ಚಿಟ್ಟಿಲ್ಲ. ಯಂತ್ರ, ಕಟ್ಟಡ, ವಿದ್ಯುತ್ತು ತಮ್ಮ ಹೊಣೆ, ಒಳಗಿಟ್ಟ ಮಾಹಿತಿ, ಬೀಗದ ಕೈ, ಬ್ಯಾಕಪ್ಪಿನ ಏರ್ಪಾಡು ಗ್ರಾಹಕರ ಹೊಣೆ ಎಂದು ಒಪ್ಪಂದದಲ್ಲಿ ಹಂಚಿಟ್ಟಿದ್ದಾರೆ. ಹೊಣೆಯನ್ನು ಬಾಡಿಗೆಗೆ ಕೊಡಲಾಗದು.

ಮೂರನೆಯ ವಾದ ಗ್ಯಾರಂಟಿಯದು. “ಶೇ. 99.9 ಗ್ಯಾರಂಟಿ ಐತ್ರೀ” ಎನ್ನುತ್ತಾರೆ. ಲೆಕ್ಕ ಹಾಕಿ: 99.9 ಎಂದರೆ ವರ್ಷಕ್ಕೆ ಎಂಟೂ ಮುಕ್ಕಾಲು ಗಂಟೆ ನಿಂತರೂ ಅವರು ಮಾತಿಗೆ ತಪ್ಪಿದಂತಲ್ಲ. ಆ ನಿಲುಗಡೆ ಸುಗ್ಗಿಯ ದಿನ ಬರಬಾರದು ಎಂದು ಎಲ್ಲೂ ಬರೆದಿಲ್ಲ. ಮಾತಿಗೆ ತಪ್ಪಿದರೆ ಸಿಗುವುದೇನು? ತಿಂಗಳ ಬಾಡಿಗೆಯಲ್ಲಿ ಒಂದಿಷ್ಟು ಪಾಲು ವಜಾ. ಕಳೆದುಹೋದ ಲೆಕ್ಕದ ಬೆಲೆಯನ್ನು ಆ ಗ್ಯಾರಂಟಿ ಕಟ್ಟಿಕೊಡುವುದಿಲ್ಲ. ಅದು ಮಾತಾಡುವುದು ಯಂತ್ರ ಎದ್ದಿರುವ ಹೊತ್ತಿನ ಬಗ್ಗೆ. ನಿಮ್ಮ ಮಾಹಿತಿ ಮರಳಿ ಸಿಗುವ ಬಗ್ಗೆ ಅದು ಮಾತೇ ಆಡುವುದಿಲ್ಲ.

ಸರ್ವರಿನ ಮಾತು ಹಾಗಿರಲಿ, ಡ್ಯಾಮಿನ ಗೇಟು ಮುರಿದಾಗ ಬದಲಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಈ ಭಾಗದ ಪ್ರತಿಯೊಬ್ಬ ರೈತನೂ ಕಂಡಿದ್ದಾನೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. 105 ಟಿಎಂಸಿ ಅಡಿಯ ಡ್ಯಾಮು ತುಂಬಿ ತುಳುಕುತ್ತಿದ್ದ ಹೊತ್ತು. 33 ಗೇಟುಗಳಲ್ಲಿ 32 ನಿಂತೇ ಇದ್ದವು, ಅದರಿಂದ ಪ್ರಯೋಜನವಾಗಲಿಲ್ಲ. ಹೋದ ಗೇಟಿನ ಜಾಗದಲ್ಲಿ ಇಳಿಸಲು ಸಿದ್ಧವಾದ ಸ್ಟಾಪ್‌ಲಾಗ್ ಗೇಟು ಡ್ಯಾಮಿನಲ್ಲಿರಲಿಲ್ಲ. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದು, ಕಾಲುವೆಗೆ ಹರಿಯಬೇಕಿದ್ದ ಮೂವತ್ತಕ್ಕೂ ಹೆಚ್ಚು ಟಿಎಂಸಿ ಅಡಿ ನೀರನ್ನು ನದಿಗೆ ಬಿಡಬೇಕಾಯಿತು. ಬದಲಿ ಗೇಟಿನ ಭಾಗಗಳನ್ನು ಆಮೇಲೆ, ಅವಸರದಲ್ಲಿ, ತೋರಣಗಲ್ಲಿನ ಜಿಂದಾಲ್ ಕಾರ್ಖಾನೆಯಲ್ಲಿ, ಹೊಸಪೇಟೆ ಸುತ್ತಲಿನ ವರ್ಕ್‌ಶಾಪುಗಳಲ್ಲಿ ಕತ್ತರಿಸಿ ಬೆಸೆದರು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ಆಗಸ್ಟ್ 16, 17ರಂದು ಐದು ಭಾಗಗಳನ್ನು ಒಂದರ ಮೇಲೊಂದು ಇಳಿಸಿ ಬಾಯಿ ಮುಚ್ಚಿದರು. ಆ ಕೆಲಸಗಾರರ ಧೈರ್ಯಕ್ಕೆ ಕೈಮುಗಿಯಬೇಕು. ಆದರೆ ಅವರು ಜೀವ ಪಣಕ್ಕಿಟ್ಟದ್ದು ಯಾಕೆ? ಎಪ್ಪತ್ತು ವರ್ಷದ ಡ್ಯಾಮಿನಲ್ಲಿ ಬದಲಿ ಗೇಟು ಎಂಬ ಏರ್ಪಾಡನ್ನು ಮುಂಚೆಯೇ ಮಾಡಿರಲಿಲ್ಲ, ಅದಕ್ಕೆ. ಮರುವರ್ಷ ಹಳೆಯ ಗೇಟುಗಳ ಮೇಲೆ ಭಾರ ಹಾಕಲು ಅಂಜಿ ಸಂಗ್ರಹವನ್ನು 80 ಟಿಎಂಸಿ ಅಡಿಗೆ ಮಿತಿಗೊಳಿಸಬೇಕಾಯಿತು. ಸರಪಳಿ ತುಂಡಾಗುವುದು ಕಬ್ಬಿಣದ ಗುಣ. ತುಂಡಾದ ಮೇಲೆ ಏನು ಎಂದು ಯೋಚಿಸದಿರುವುದು ನಮ್ಮ ಗುಣ. ಸರ್ವರಿನ ವಿಷಯದಲ್ಲಿ ನಾವು ಅದೇ ಗುಣವನ್ನು ಇನ್ನೂ ಸಾಕಿಕೊಂಡಿದ್ದೇವೆ.

ಖಾಸಗಿಯವರ ಮಾತು ಇಷ್ಟಾದರೆ ಸರ್ಕಾರಿ ಕಚೇರಿಯ ಕೌಂಟರಿನಲ್ಲಿ ಈ ನಂಬಿಕೆಗೆ ಇನ್ನೊಂದು ರೂಪವಿದೆ: “ಸರ್ವರ್ ಡೌನ್ ಐತಿ, ನಾಳೆ ಬರ್ರಿ.” ಮಳೆ ಬಂತು, ಬಿಸಿಲು ಬಿತ್ತು ಎಂದಷ್ಟೇ ಸಹಜವಾಗಿ ಇದನ್ನು ಹೇಳುತ್ತಾರೆ, ಅಷ್ಟೇ ಸಹಜವಾಗಿ ನಾವು ಕೇಳಿಕೊಂಡು ಬಸ್ಸು ಹತ್ತುತ್ತೇವೆ. ಮೆಟ್ರಿಯಿಂದ ಕಂಪ್ಲಿಗೆ ಹೋದ ಕೂಲಿಕಾರಳಿಗೆ ಆ “ನಾಳೆ” ಎಂದರೆ ಒಂದು ದಿನದ ಕೂಲಿ. ಪಹಣಿ 2000ದ ಹೊತ್ತಿಗೇ ಭೂಮಿ ಯೋಜನೆಯ ಕಂಪ್ಯೂಟರಿಗೆ ಬಂತು. ಆಮೇಲೆ ಇ-ಸ್ವತ್ತು, ನಾಡಕಚೇರಿಯ ಜಾತಿ ಆದಾಯ ಪ್ರಮಾಣಪತ್ರ, ಆಸ್ತಿ ನೋಂದಣಿಯ ಕಾವೇರಿ, ನ್ಯಾಯಬೆಲೆ ಅಂಗಡಿಯ ಹೆಬ್ಬೆಟ್ಟಿನ ಗುರುತು, ಎಲ್ಲವೂ ದೂರದ ಸರ್ವರಿಗೆ ಹೋದವು. 2024ರ ಅಕ್ಟೋಬರಿನಲ್ಲಿ ಪಡಿತರದ ಮಾಹಿತಿಯನ್ನು ಕೇಂದ್ರ ಸರ್ಕಾರದ ಎನ್‌ಐಸಿ ಸರ್ವರಿನಿಂದ ರಾಜ್ಯದ ಡೇಟಾ ಸೆಂಟರಿಗೆ ವರ್ಗಾಯಿಸುವಾಗ ಅಕ್ಕಿ ಹಂಚಿಕೆಯೇ ತಡವಾಯಿತು. 2025ರ ಆರಂಭದಲ್ಲಿ ಕಾವೇರಿ 2.0 ನಿಂತು ರಾಜ್ಯದುದ್ದಕ್ಕೂ ನೋಂದಣಿ ಕಚೇರಿಗಳಲ್ಲಿ ಜನ ಕಾದು ಸುಸ್ತಾದರು. ಸೈಬರ್ ದಾಳಿ ಕಾರಣ ಎಂದು ಸರ್ಕಾರ ಹೇಳಿತು. ಕಾರಣ ದಾಳಿಯೋ ವರ್ಗಾವಣೆಯೋ, ಕೌಂಟರಿನ ಈಚೆ ನಿಂತವರಿಗೆ ಕೇಳಬೇಕಾದ ಪ್ರಶ್ನೆ ಒಂದೇ: ಎಷ್ಟು ಹೊತ್ತಿಗೆ ಏಳುತ್ತದೆ?

ನಮ್ಮಲ್ಲೊಂದು ಒಳ್ಳೆಯ ಕಾಯ್ದೆಯಿದೆ, ಸಕಾಲ. 2011ರ ಕಾಯ್ದೆ, 2012ರಲ್ಲಿ ಜಾರಿಗೆ ಬಂತು. ಇಷ್ಟು ದಿನದೊಳಗೆ ಸೇವೆ ಕೊಡದಿದ್ದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಅರ್ಜಿದಾರರಿಗೆ ಕೊಡಬೇಕು. ಆದರೆ ಆ ದಿನಗಳ ಎಣಿಕೆ ಶುರುವಾಗುವುದು ಅರ್ಜಿಗೆ ಸಕಾಲ ಸಂಖ್ಯೆ ಬಿದ್ದ ಮೇಲೆ. ಸಂಖ್ಯೆ ಕೊಡುವುದು ಕಂಪ್ಯೂಟರ್. ಸರ್ವರ್ ಬಿದ್ದ ದಿನ ಅರ್ಜಿಯೇ ದಾಖಲಾಗುವುದಿಲ್ಲ, ಸಂಖ್ಯೆಯೂ ಹುಟ್ಟುವುದಿಲ್ಲ, ಗಡುವೂ ಓಡುವುದಿಲ್ಲ. ಅಂದರೆ ಕಾಯ್ದೆ ಜನರನ್ನು ಕಾಯಬೇಕಾದ ದಿನವೇ ಕಾಯ್ದೆ ಮಲಗಿರುತ್ತದೆ. ಸರ್ವರ್ ಡೌನ್ ಎಂಬುದು ಯಾರ ಲೆಕ್ಕಕ್ಕೂ ಬಾರದ ವಿಳಂಬ. ಇದನ್ನು ತಾಂತ್ರಿಕ ತೊಂದರೆ ಎಂದು ಕರೆದು ಕೈತೊಳೆದುಕೊಳ್ಳುವುದನ್ನು ನಾನು ಒಪ್ಪಲಾರೆ. ಇದು ಹಕ್ಕಿನ ಪ್ರಶ್ನೆ.

ದೊಡ್ಡ ಸರ್ಕಾರಗಳು ಹೀಗೆ ಮಲಗಿದಾಗ ಏನಾಗುತ್ತದೆ ಎಂಬುದಕ್ಕೆ ದಕ್ಷಿಣ ಕೊರಿಯಾ ಸಾಕ್ಷಿ. ಡಿಜಿಟಲ್ ಆಡಳಿತಕ್ಕೆ ಜಗತ್ತೇ ಕೊಂಡಾಡುವ ದೇಶ ಅದು. 2025ರ ಸೆಪ್ಟೆಂಬರ್ 26ರಂದು ಡೇಜಾನ್ ನಗರದ ಸರ್ಕಾರಿ ಡೇಟಾ ಸೆಂಟರಿನಲ್ಲಿ ಬ್ಯಾಟರಿಗಳನ್ನು ಸ್ಥಳಾಂತರಿಸುವಾಗ ಬೆಂಕಿ ಹತ್ತಿತು. ಮೊದಲ ಎಣಿಕೆಯಲ್ಲೇ 647 ವ್ಯವಸ್ಥೆಗಳು ನಿಂತವು. ಸರ್ಕಾರಿ ನೌಕರರು ಕಡತ ಇಡುತ್ತಿದ್ದ ಜಿ-ಡ್ರೈವ್ ಎಂಬ ಭಂಡಾರದ 858 ಟೆರಾಬೈಟ್ ಸುಟ್ಟುಹೋಯಿತು. ಅದಕ್ಕೆ ಹೊರಗಿನ ಪ್ರತಿ ಇರಲಿಲ್ಲ, ಗಾತ್ರ ದೊಡ್ಡದಾಯಿತು ಎಂಬ ಕಾರಣಕ್ಕೆ. ನಮ್ಮದೇ ದೇಶದಲ್ಲಿ 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಐದು ಸರ್ವರುಗಳಿಗೆ ರಾನ್ಸಮ್‌ವೇರ್ ಹತ್ತಿ ಸುಮಾರು 1.3 ಟೆರಾಬೈಟ್ ಮಾಹಿತಿ ಬೀಗ ಬಿದ್ದಂತಾಯಿತು, ದಿನಗಟ್ಟಲೆ ರೋಗಿಗಳ ಚೀಟಿಯನ್ನು ಕೈಯಲ್ಲಿ ಬರೆದರು. ಅಲ್ಲಿ ಸೋಂಕು ತಗುಲದ ಒಂದು ಬ್ಯಾಕಪ್ ಸರ್ವರ್ ಇದ್ದುದರಿಂದ ಮಾಹಿತಿ ಮರಳಿ ಬಂತು. ಎರಡರ ನಡುವಿನ ವ್ಯತ್ಯಾಸ ತಂತ್ರಜ್ಞಾನದ್ದಲ್ಲ. ಒಂದು ಕಡೆ ಬೇರೆ ಪ್ರತಿ ಇತ್ತು, ಇನ್ನೊಂದು ಕಡೆ ಇರಲಿಲ್ಲ.

ಕೊನೆಯ ವಾದ: “ಇದೆಲ್ಲ ದೊಡ್ಡೋರಿಗೆ ರೀ, ನಮ್ಮಂಥ ಸಣ್ಣೋರಿಗೆ ಎಲ್ಲಿ ಆಗ್ತದ?” ಇದು ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡಿರುವ ಮಾತು. ವಾಸ್ತವ ತಿರುಗುಮುರುಗಾಗಿದೆ. ದೊಡ್ಡವರಿಗೇ ಇದು ಕಷ್ಟ, ಸಣ್ಣವರಿಗೆ ಸುಲಭ. 2 ಟೆರಾಬೈಟ್ ಪ್ರತಿಯನ್ನು 100 ಎಂಬಿಪಿಎಸ್ ಲೈನಿನಲ್ಲಿ ಮರಳಿ ಇಳಿಸಲು, ಲೈನು ಒಂದು ಕ್ಷಣವೂ ಕಡಿಯದಿದ್ದರೂ, ನಲವತ್ತನಾಲ್ಕು ಗಂಟೆ ಬೇಕು. ಆದರೆ ಗಿರಣಿಯ, ಲಾಡ್ಜಿನ, ಸಹಕಾರ ಸಂಘದ ನಿಜವಾದ ಪ್ರಾಣ ಕೆಲವೇ ಜಿಬಿಯ ಡೇಟಾಬೇಸು. ಅದು ನಿಮಿಷಗಳಲ್ಲಿ ಇಳಿಯುತ್ತದೆ. ಮಾಡಬೇಕಾದದ್ದು ಇಷ್ಟು: ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಪ್ರತಿ ಬೇರೆ ಕಡೆ. ಆ ಬೇರೆ ಕಡೆಯದು ಬೇರೆ ಖಾತೆಯಲ್ಲಿ, ಬೇರೆ ಪಾಸ್‌ವರ್ಡಿನಲ್ಲಿ, ಮುಖ್ಯ ಯಂತ್ರದಿಂದ ಅಳಿಸಲು ಬಾರದಂತಿರಬೇಕು. ಬೀರುವಿನಲ್ಲಿ ತಂತಿ ಕಿತ್ತಿಟ್ಟ ಒಂದು ಹಾರ್ಡ್ ಡಿಸ್ಕ್ ಕೂಡ ಈ ಕೆಲಸಕ್ಕೆ ಆಗುತ್ತದೆ. ಒಂದು ಹಾಳೆಯ ಮೇಲೆ, ಕಾಗದದ ಹಾಳೆಯ ಮೇಲೆ, ಖಾತೆ ಯಾರ ಹೆಸರಲ್ಲಿದೆ, ಒಟಿಪಿ ಯಾರಿಗೆ ಹೋಗುತ್ತದೆ, ಏನು ಮೊದಲು ಏಳಬೇಕು, ಏನು ಆಮೇಲೆ ಎಂದು ಬರೆದಿಡಿ. ಮೂರು ತಿಂಗಳಿಗೊಮ್ಮೆ ಗಿರಾಕಿ ಇಲ್ಲದ ಒಂದು ಸಂಜೆ ಆ ಪ್ರತಿಯಿಂದ ಹೊಸ ಯಂತ್ರ ಎಬ್ಬಿಸಿ, ನಿನ್ನೆಯ ಬಾಕಿ ಪಟ್ಟಿ ತೆರೆದು, ಪುಸ್ತಕದ ಜೊತೆ ತಾಳೆ ನೋಡಿ. ಆ ಯಂತ್ರದ ಬಾಡಿಗೆ ಗಂಟೆಗೆ ಕೆಲವು ರೂಪಾಯಿ, ನೋಡಿದ ಮೇಲೆ ಅಳಿಸಿಬಿಡಿ. ಖರ್ಚಾಗುವುದು ಹೆಚ್ಚಾಗಿ ಗಮನ, ದುಡ್ಡಲ್ಲ.

ಈ ವಿದ್ಯೆ ಬೆಂಗಳೂರಿನಿಂದಲೇ ಬರಬೇಕಾಗಿಲ್ಲ. ಹರಿಯುವ ಹೊಳೆಯಲ್ಲಿ ಗೇಟು ಕೂರಿಸುವ ಕೈಗಳಿರುವ ಊರು ಇದು. ಹೊಸಪೇಟೆಯಲ್ಲಿ ಎಂಜಿನಿಯರಿಂಗ್ ಕಾಲೇಜಿದೆ, ಕಲಿತ ಹುಡುಗ ಹುಡುಗಿಯರಿದ್ದಾರೆ. ಕ್ಲೌಡ್‌ಗೆ ಹಾಕಿಕೊಡುತ್ತೇವೆ ಎನ್ನುವವರು ಇಲ್ಲಿ ಬೇಕಾದಷ್ಟು ಸಿಗುತ್ತಾರೆ, ಬಿದ್ದದ್ದನ್ನು ಎಬ್ಬಿಸಿ ತೋರಿಸುತ್ತೇವೆ ಎನ್ನುವವರು ವಿರಳ. ಎರಡನೆಯವರಿಗೆ ದುಡ್ಡು ಕೊಡಲು ನಾವು ಕಲಿತರೆ ಅವರೂ ಹುಟ್ಟಿಕೊಳ್ಳುತ್ತಾರೆ.

ಸರ್ಕಾರಕ್ಕೆ ಕೇಳಬೇಕಾದದ್ದೂ ದೊಡ್ಡದೇನಲ್ಲ. ದೇಶದ ಬ್ಯಾಂಕುಗಳಿಗೆ ಮುಖ್ಯ ಕೇಂದ್ರ ನಿಲ್ಲಿಸಿ ಬದಲಿ ಕೇಂದ್ರದಿಂದ ಕೆಲಸ ನಡೆಸಿ ತೋರಿಸುವ ತಾಲೀಮನ್ನು ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಿದೆ. ದುಡ್ಡಿಗೆ ಇರುವ ಕಾಳಜಿ ಪಹಣಿಗೆ, ಪಡಿತರಕ್ಕೆ, ಆಸ್ತಿ ನೋಂದಣಿಗೆ ಯಾಕಿರಬಾರದು? ಪ್ರತಿ ಸೇವೆಯ ಫಲಕದ ಮೇಲೂ ಶುಲ್ಕದ ಪಕ್ಕದಲ್ಲೇ ಮೂರು ಸಾಲು ಬರೆಯಲಿ: ಬಿದ್ದರೆ ಎಷ್ಟು ಗಂಟೆಯೊಳಗೆ ಎಬ್ಬಿಸುತ್ತೇವೆ, ಹೆಚ್ಚೆಂದರೆ ಎಷ್ಟು ಹೊತ್ತಿನ ದಾಖಲೆ ಕಳೆದೀತು, ಕೊನೆಯ ಬಾರಿ ಎಬ್ಬಿಸಿ ನೋಡಿದ್ದು ಯಾವ ತಾರೀಕು. ಸರ್ವರ್ ಬಿದ್ದ ದಿನ ಅರ್ಜಿಯನ್ನು ಕಾಗದದ ಮೇಲೆ ತೆಗೆದುಕೊಂಡು, ಮೊಹರು ಹಾಕಿದ ಸ್ವೀಕೃತಿ ಕೊಡಲಿ, ಸಕಾಲದ ಗಡುವು ಆ ಮೊಹರಿನ ತಾರೀಕಿನಿಂದಲೇ ಎಣಿಸಲಿ. ಇದಕ್ಕೆ ಹೊಸ ಡೇಟಾ ಸೆಂಟರ್ ಬೇಡ, ಒಂದು ಸುತ್ತೋಲೆ ಸಾಕು.

ಆ ಸುತ್ತೋಲೆ ಬರುವವರೆಗೆ ಕೇಳುವ ಕೆಲಸ ನಮ್ಮದು. ಲೆಕ್ಕದವರು “ಬ್ಯಾಕಪ್ ಐತಿ” ಎಂದರೆ, ಈಗಲೇ ಇಲ್ಲೇ ಎಬ್ಬಿಸಿ ತೋರಿಸು ಎನ್ನಿ. ಕೌಂಟರಿನ ಆಚೆಯವರು “ಸರ್ವರ್ ಡೌನ್” ಎಂದರೆ, ಎಷ್ಟೊತ್ತಿಗೆ ಏಳುತ್ತದೆ ಎಂದು ಬರೆದುಕೊಡಿ ಎನ್ನಿ. ಉತ್ತರ ಇರುವವರು ಕೊಡುತ್ತಾರೆ. ಇಲ್ಲದವರು ಉತ್ತರ ಹುಡುಕಲು ಹೊರಡುವವರೆಗೂ ಕೇಳುವುದನ್ನು ನಿಲ್ಲಿಸಬಾರದು.